ವಾಷಿಂಗ್ಟನ್ ಬೇಡವೆಂದ ಪಕ್ಷಗಳು ಅಮೆರಿಕದಲ್ಲಿ ಹುಟ್ಟಿದ್ದು ಹೇಗೆ?

ಪ್ರಶ್ನೆ: ರಾಜಕೀಯ ಪಕ್ಷಗಳಿಂದ ದೇಶಕ್ಕೆ ಕೇಡು ಎಂದು ಜಾರ್ಜ್ ವಾಷಿಂಗ್ಟನ್ ಎಚ್ಚರಿಸಿದ್ದರಂತೆ. ಆದರೂ ಅವರ ಕಾಲದಲ್ಲೇ ಎರಡು ಪಕ್ಷಗಳು ಹುಟ್ಟಿಕೊಂಡವಲ್ಲ, ಅದು ಹೇಗೆ? ಆಗಷ್ಟೇ ಕಣ್ಣುಬಿಟ್ಟಿದ್ದ ದೇಶವನ್ನು ಅವು ಒಡೆಯಲಿಲ್ಲವೇ?

ಉತ್ತರ: ವಾಷಿಂಗ್ಟನ್ ಒಬ್ಬರೇ ಅಲ್ಲ, ಆ ತಲೆಮಾರಿನ ಬಹುತೇಕ ಎಲ್ಲರಿಗೂ ಪಕ್ಷ ಎಂದರೆ ಆಗುತ್ತಿರಲಿಲ್ಲ. ಅವರ ಕಿವಿಗೆ ಆ ಪದ ಗುಂಪುಗಾರಿಕೆ, ಒಳಸಂಚು ಎಂದೇ ಕೇಳಿಸುತ್ತಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲ. ಪಕ್ಷದ ಜೊತೆಗೇ ಸ್ವರ್ಗಕ್ಕೆ ಹೋಗಬೇಕೆಂದರೆ ನನಗೆ ಆ ಸ್ವರ್ಗವೇ ಬೇಡ ಎಂದು ಥಾಮಸ್ ಜೆಫರ್ಸನ್ 1789ರಲ್ಲಿ ಗೆಳೆಯರೊಬ್ಬರಿಗೆ ಬರೆದಿದ್ದರು. ಕೆಲವೇ ವರ್ಷಗಳಲ್ಲಿ ಅವರೇ ಒಂದು ಪಕ್ಷದ ಮುಂದಾಳಾದರು. ನೀವು ಹೇಳಿದ ಎಚ್ಚರಿಕೆ ಇರುವ ವಾಷಿಂಗ್ಟನ್ ಅವರ ಪ್ರಸಿದ್ಧ ವಿದಾಯ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿದ್ದು 1796ರ ಸೆಪ್ಟೆಂಬರ್ 19ರಂದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಆ ಹೊತ್ತಿಗೆ ಎರಡೂ ಪಕ್ಷಗಳು ಬೇರು ಬಿಟ್ಟಾಗಿತ್ತು.

ಕಿಡಿ ಹೊತ್ತಿದ್ದು ಸಾಲದ ವಿಷಯಕ್ಕೆ. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಎಷ್ಟೋ ಸೈನಿಕರಿಗೆ ಸಂಬಳದ ಬದಲು ಸಿಕ್ಕಿದ್ದು, ಮುಂದೆ ಹಣ ಕೊಡುತ್ತೇವೆ ಎಂಬ ಸರ್ಕಾರದ ಸಾಲಪತ್ರ. ಮನೆಗೆ ಮರಳಿದವರ ಕೈಯಲ್ಲಿ ಕಾಸಿರಲಿಲ್ಲ. ಆ ಕಾಗದಗಳನ್ನು ಸಿಕ್ಕ ಬೆಲೆಗೆ ಪೇಟೆಯ ವ್ಯಾಪಾರಿಗಳಿಗೆ ಮಾರಿಬಿಟ್ಟರು. 1790ರ ಜನವರಿಯಲ್ಲಿ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಕಾಗದ ಈಗ ಯಾರ ಕೈಯಲ್ಲಿದೆಯೋ ಅವರಿಗೇ ಮುಖಬೆಲೆಯ ಲೆಕ್ಕದಲ್ಲಿ ಸಾಲ ತೀರಿಸಬೇಕು, ರಾಜ್ಯಗಳ ಸಾಲವನ್ನೂ ಕೇಂದ್ರವೇ ಹೊರಬೇಕು ಎಂದರು. ಮೊದಲು ಪಡೆದ ಸೈನಿಕನಿಗೂ ಒಂದು ಪಾಲು ಸಿಗಲಿ ಎಂದು ಜೇಮ್ಸ್ ಮ್ಯಾಡಿಸನ್ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಪ್ರತಿನಿಧಿಗಳ ಸಭೆಯಲ್ಲಿ ವಾದಿಸಿ ಸೋತರು. ಮರುವರ್ಷ ರಾಷ್ಟ್ರೀಯ ಬ್ಯಾಂಕೂ ಬಂತು. ಹೊಸ ದೇಶದ ಮಾತಿಗೆ ಬೆಲೆ ಬರಬೇಕಾದರೆ ಹ್ಯಾಮಿಲ್ಟನ್ ಹೇಳಿದ ದಾರಿಯೇ ಸರಿ ಎಂದು ನನಗನಿಸುತ್ತದೆ. ಆದರೆ ರಕ್ತ ಸುರಿಸಿದವನು ಬರಿಗೈಯಲ್ಲಿ ಉಳಿದು, ಅವನ ಕಾಗದ ಕೊಂಡವನು ಶ್ರೀಮಂತನಾದ ಸಂಗತಿ ಓದಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಆಗಿನವರಿಗೂ ಆಗಿತ್ತು. ದೇಶ ಯಾರದ್ದು, ಪೇಟೆಯವರದ್ದೋ ಹೊಲದವರದ್ದೋ ಎಂಬ ಪ್ರಶ್ನೆ ಎದ್ದಿದ್ದೇ ಅಲ್ಲಿ.

ಹ್ಯಾಮಿಲ್ಟನ್ ಕಡೆಯವರು ಫೆಡರಲಿಸ್ಟರು. ಜೆಫರ್ಸನ್, ಮ್ಯಾಡಿಸನ್ ಕಡೆಯವರು ರಿಪಬ್ಲಿಕನ್ನರು. (ಇವರೇ ಬೇರೆ, ಇಂದಿನ ರಿಪಬ್ಲಿಕನ್ ಪಕ್ಷವೇ ಬೇರೆ; ಅದು ಹುಟ್ಟಿದ್ದು 1854ರಲ್ಲಿ.) ಇಬ್ಬರಿಗೂ ಪತ್ರಿಕೆಗಳಿದ್ದವು. ಜಾನ್ ಫೆನ್ನೊ ಅವರ ಪತ್ರಿಕೆ ಸರ್ಕಾರದ ಪರ. ಅದಕ್ಕೆ ಎದುರಾಗಿ 1791ರಲ್ಲಿ ಪತ್ರಿಕೆ ತೆಗೆದವರು ಕವಿ ಫಿಲಿಪ್ ಫ್ರೆನೋ. ಕನ್ನಡಿಗರು ಈ ಫ್ರೆನೋ ಅವರನ್ನು ನೆನಪಿಡಲು ಒಂದು ಕಾರಣವಿದೆ. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಆ ನೌಕೆಗೆ ಇಟ್ಟಿದ್ದ ಹೆಸರು ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯದ್ದು. ಬ್ರಿಟಿಷರಿಗೆ ಮಣ್ಣುಮುಕ್ಕಿಸಿದ ಪೂರ್ವದೇಶದ ದೊರೆಯ ಹೆಸರು ಹೊತ್ತ ಹಡಗು ಎಂದು ಅದನ್ನು ಹೊಗಳಿ ಪದ್ಯ ಕಟ್ಟಿದವರು ಇದೇ ಫ್ರೆನೋ.

ಫ್ರಾನ್ಸಿನ ಕ್ರಾಂತಿ ಈ ಬಿರುಕನ್ನು ಬೀದಿಗೆ ತಂದಿತು. ರಿಪಬ್ಲಿಕನ್ನರು ಫ್ರಾನ್ಸಿನ ಕಡೆಗೆ, ಫೆಡರಲಿಸ್ಟರು ಅದರೊಡನೆ ಯುದ್ಧದಲ್ಲಿದ್ದ ಬ್ರಿಟನ್ನಿನ ಕಡೆಗೆ ವಾಲಿದರು. ವಾಷಿಂಗ್ಟನ್ ಕಳಿಸಿದ್ದ ರಾಯಭಾರಿ ಜಾನ್ ಜೇ 1794ರಲ್ಲಿ ಬ್ರಿಟನ್ನಿನ ಜೊತೆ ಒಪ್ಪಂದ ಮಾಡಿಕೊಂಡು ಬಂದಾಗ ಊರೂರಲ್ಲಿ ಅವರ ಪ್ರತಿಕೃತಿ ಸುಟ್ಟರು. ಟೋಪಿಗೆ ಸಿಕ್ಕಿಸಿಕೊಳ್ಳುವ ರಿಬ್ಬನ್ ಹೂವಿನಿಂದಲೇ ಪಕ್ಷ ಗೊತ್ತಾಗುತ್ತಿತ್ತು: ಕಪ್ಪು ಬಣ್ಣದ್ದಾದರೆ ಫೆಡರಲಿಸ್ಟ್, ಫ್ರಾನ್ಸಿನ ಮೂರು ಬಣ್ಣದ್ದಾದರೆ ರಿಪಬ್ಲಿಕನ್. ಹಬ್ಬಗಳೂ ಪಾಲಾದವು. ಫೆಡರಲಿಸ್ಟರಿಗೆ ವಾಷಿಂಗ್ಟನ್ ಹುಟ್ಟುಹಬ್ಬವೇ ದೊಡ್ಡದು. ರಿಪಬ್ಲಿಕನ್ನರಿಗೆ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯನ್ನು ಗಟ್ಟಿಯಾಗಿ ಓದುವುದೇ ಮುಖ್ಯ, ಅದನ್ನು ಬರೆದವರು ಜೆಫರ್ಸನ್ ತಾನೆ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತಿದೆ. ಇವರಿಬ್ಬರೂ ತಮ್ಮನ್ನು ಪಕ್ಷವೆಂದು ತಿಳಿದಿರಲಿಲ್ಲ. ತಾವೇ ದೇಶ, ಎದುರಿನವರು ಮಾತ್ರ ಪಕ್ಷ ಎಂಬುದು ಎರಡೂ ಕಡೆಯವರ ಪ್ರಾಮಾಣಿಕ ನಂಬಿಕೆ. ಫೆಡರಲಿಸ್ಟರ ಕಣ್ಣಿಗೆ ರಿಪಬ್ಲಿಕನ್ನರು ಫ್ರಾನ್ಸಿನ ಏಜೆಂಟರು, ರಿಪಬ್ಲಿಕನ್ನರ ಕಣ್ಣಿಗೆ ಫೆಡರಲಿಸ್ಟರು ಬ್ರಿಟಿಷ್ ರಾಜನ ಗುಲಾಮರು. ನಿಜವಾದ ಅಮೆರಿಕನ್ನರು ಯಾರು ಎಂಬುದೇ ಜಗಳವಾಗಿದ್ದರಿಂದ ಅದಕ್ಕೆ ಅಷ್ಟು ಕಾವು.

ವರ್ಮಾಂಟಿನ ಸದಸ್ಯ ಮ್ಯಾಥ್ಯೂ ಲಯನ್ ಅವರ ಕಥೆಯಲ್ಲಿ ಆ ಕಾವು ಮುಖಕ್ಕೇ ತಟ್ಟುತ್ತದೆ. ಹುಡುಗನಾಗಿದ್ದಾಗ ಐರ್ಲೆಂಡಿನಿಂದ ಜೀತದ ಕರಾರಿನ ಮೇಲೆ ಬಂದವರು, ಕಟ್ಟಾ ರಿಪಬ್ಲಿಕನ್. 1798ರ ಜನವರಿಯಲ್ಲಿ ಕನೆಕ್ಟಿಕಟ್ಟಿನ ಫೆಡರಲಿಸ್ಟ್ ಸದಸ್ಯ ರೋಜರ್ ಗ್ರಿಸ್ವೋಲ್ಡ್ ಇವರ ಸೈನಿಕ ದಿನಗಳನ್ನು ಎತ್ತಿ ಹೀಯಾಳಿಸಿದಾಗ, ಪ್ರತಿನಿಧಿಗಳ ಸಭೆಯಲ್ಲೇ ಅವರ ಮುಖಕ್ಕೆ ಉಗಿದರು. ಎರಡು ವಾರದ ಮೇಲೆ ಗ್ರಿಸ್ವೋಲ್ಡ್ ದೊಣ್ಣೆ ಹಿಡಿದು ಸಭೆಗೆ ಬಂದು ಲಯನ್ ಅವರನ್ನು ಬಾರಿಸತೊಡಗಿದರು. ಲಯನ್ ಅಗ್ಗಿಷ್ಟಿಕೆಯ ಬಳಿಗೆ ಓಡಿ ಕೆಂಡದ ಇಕ್ಕಳ ಎತ್ತಿಕೊಂಡರು. ಇಬ್ಬರೂ ನೆಲದ ಮೇಲೆ ಹೊರಳಾಡಿದರು, ಉಳಿದವರು ಹಿಡಿದು ಬಿಡಿಸಿದರು.

ಅದೇ ವರ್ಷ ಫೆಡರಲಿಸ್ಟರು ಸರಣಿ ಕಾನೂನು ತಂದರು. ವಲಸೆ ಬಂದವರು ನಾಗರಿಕರಾಗಲು ಕಾಯಬೇಕಾದ ಅವಧಿ 5 ವರ್ಷದಿಂದ 14 ವರ್ಷಕ್ಕೆ ಏರಿತು. ಅಧ್ಯಕ್ಷರನ್ನೋ ಕಾಂಗ್ರೆಸ್ಸನ್ನೋ ದುರುದ್ದೇಶದಿಂದ ನಿಂದಿಸಿ ಬರೆಯುವುದು ಅಪರಾಧವಾಯಿತು. ಉಪಾಧ್ಯಕ್ಷರನ್ನು ಬೈದರೆ ಮಾತ್ರ ಶಿಕ್ಷೆಯಿಲ್ಲ. ಆ ಕುರ್ಚಿಯಲ್ಲಿದ್ದವರು ಜೆಫರ್ಸನ್. ಅಧ್ಯಕ್ಷ ಜಾನ್ ಆಡಮ್ಸ್ ಅವರಿಗೆ ಆಡಂಬರದ ಹುಚ್ಚು ಎಂದು ಬರೆದದ್ದಕ್ಕೆ ಲಯನ್ ಅವರಿಗೆ ನಾಲ್ಕು ತಿಂಗಳ ಜೈಲು, 1,000 ಡಾಲರ್ ದಂಡ ಬಿತ್ತು. ವರ್ಮಾಂಟಿನ ಮತದಾರರು ಜೈಲಿನಲ್ಲಿದ್ದ ಅವರನ್ನೇ ಮತ್ತೆ ಆರಿಸಿ ಕಳಿಸಿದರು.

1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಆದರೆ ಗೆದ್ದ ಪಕ್ಷದ ಇಬ್ಬರು, ಜೆಫರ್ಸನ್ ಮತ್ತು ಆರನ್ ಬರ್, ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ನೇಮಿಸಿದ್ದ ಚುನಾಯಕರಿಂದ ತಲಾ 73 ಮತ ಪಡೆದು ಸಮನಾದರು. ತೀರ್ಮಾನ ಪ್ರತಿನಿಧಿಗಳ ಸಭೆಗೆ ಬಂತು, ರಾಜ್ಯಕ್ಕೊಂದು ಮತ. ಮೂವತ್ತೈದು ಸುತ್ತು ಮತ ಹಾಕಿದರೂ ಇತ್ಯರ್ಥವಾಗಲಿಲ್ಲ. 1801ರ ಫೆಬ್ರವರಿ 17ರಂದು, 36ನೇ ಸುತ್ತಿನಲ್ಲಿ, ವರ್ಮಾಂಟಿನ ಫೆಡರಲಿಸ್ಟ್ ಸದಸ್ಯರು ಹಿಂದೆ ಸರಿದರು. ರಾಜ್ಯದ ಮತವನ್ನು ಜೆಫರ್ಸನ್ ಅವರಿಗೆ ಹಾಕಿದವರು ಮ್ಯಾಥ್ಯೂ ಲಯನ್. ಮಾರ್ಚ್ 4ರಂದು ಬೆಳಕು ಹರಿಯುವ ಮುಂಚೆಯೇ ಆಡಮ್ಸ್ ರಾಜಧಾನಿ ಬಿಟ್ಟು ಹೊರಟರು. ಒಂದು ಗುಂಡೂ ಹಾರಲಿಲ್ಲ. ನಾವೆಲ್ಲರೂ ರಿಪಬ್ಲಿಕನ್ನರು, ನಾವೆಲ್ಲರೂ ಫೆಡರಲಿಸ್ಟರು ಎಂದು ಹೊಸ ಅಧ್ಯಕ್ಷರು ಭಾಷಣದಲ್ಲಿ ಹೇಳಿದರು.

ಈಗ ನಿಮ್ಮ ಎರಡನೇ ಪ್ರಶ್ನೆ. ಪಕ್ಷಗಳು ದೇಶ ಒಡೆಯಲಿಲ್ಲ. ಒಂದು ಅರ್ಥದಲ್ಲಿ ಹೆಣೆದವು ಎನ್ನಬೇಕು. ವರ್ಜೀನಿಯಾದ ರೈತ, ನ್ಯೂಯಾರ್ಕಿನ ಕುಶಲಕರ್ಮಿ, ವರ್ಮಾಂಟಿನ ಲಯನ್ ಒಂದೇ ಸುದ್ದಿ ಓದಿ ಒಂದೇ ಕಾರಣಕ್ಕೆ ಸಿಟ್ಟಾಗಲು ಕಲಿತದ್ದು ಪಕ್ಷಗಳ ಮೂಲಕ. ತನ್ನ ರಾಜ್ಯದಾಚೆಯೂ ತನ್ನವರಿದ್ದಾರೆ ಎಂಬ ಭಾವನೆ ಬೆಳೆದದ್ದೂ ಹಾಗೆಯೇ.

ಆದರೆ ಆ ಹೆಣಿಗೆಯಿಂದ ಹೊರಗೆ ಉಳಿದವರ ವಿಷಯದಲ್ಲಿ ಎರಡೂ ಪಕ್ಷಗಳು ಹೆಚ್ಚು ಜಗಳವಾಡಲಿಲ್ಲ. 1790ರ ಕಾನೂನಿನ ಪ್ರಕಾರ ವಲಸಿಗರಲ್ಲಿ ನಾಗರಿಕತ್ವ ಪಡೆಯಬಹುದಾಗಿದ್ದವರು ಸ್ವತಂತ್ರ ಬಿಳಿಯರು ಮಾತ್ರ. ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಒಂಟಿ ಹೆಂಗಸರು, ಸ್ವತಂತ್ರ ಕಪ್ಪು ಜನರು ಮತ ಹಾಕುತ್ತಿದ್ದರು. 1807ರಲ್ಲಿ ಅದನ್ನೂ ಕಿತ್ತುಕೊಂಡರು. ಜನಸಂಖ್ಯೆಯ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಸಂವಿಧಾನದ ನಿಯಮ ದಕ್ಷಿಣದ ರಾಜ್ಯಗಳಿಗೆ ಪ್ರತಿನಿಧಿಗಳ ಸಭೆಯಲ್ಲಿ ಹೆಚ್ಚು ಸ್ಥಾನ, ಅಧ್ಯಕ್ಷರ ಆಯ್ಕೆಯಲ್ಲಿ ಹೆಚ್ಚು ಮತ ಕೊಟ್ಟಿತ್ತು, 1800ರಲ್ಲಿ ಜೆಫರ್ಸನ್ ಅವರಿಗೆ ಅದರ ಲಾಭವಾಯಿತು. ಹೀಗೆ ಬದಿಗಿಟ್ಟ ಗುಲಾಮಗಿರಿಯ ಪ್ರಶ್ನೆಯೇ ಮುಂದೆ ಪಕ್ಷಗಳನ್ನು ಉತ್ತರ, ದಕ್ಷಿಣ ಎಂದು ಸೀಳಿತು. 1860ರ ಚುನಾವಣೆಯಲ್ಲಿ ದಕ್ಷಿಣದ ಬಹುಪಾಲು ರಾಜ್ಯಗಳಲ್ಲಿ, ಗುಲಾಮಗಿರಿ ಹರಡುವುದನ್ನು ವಿರೋಧಿಸಿದ ಲಿಂಕನ್ ಹೆಸರಿನ ಮತಚೀಟಿಯೇ ಇರಲಿಲ್ಲ. ಮರುವರ್ಷ ಉತ್ತರ, ದಕ್ಷಿಣಗಳ ನಡುವೆ ಅಂತರ್ಯುದ್ಧ ಶುರುವಾಯಿತು.