ಮೀಟರ್ ಓಡದಿದ್ದರೂ ಆಯಿಲ್‌ಗೆ ವಯಸ್ಸಾಗುತ್ತದೆ

"ಗಾಡಿ ಓಡಿಯೇ ಇಲ್ಲವಲ್ಲ, ಆಯಿಲ್ ಯಾಕೆ ಬದಲಾಯಿಸಬೇಕು?"

ಮೈಸೂರಿನಲ್ಲಿ ಗ್ಯಾರೇಜ್ ತೆರೆದು ಇಪ್ಪತ್ತೇಳು ವರ್ಷಗಳಾದವು. ಈ ಮಾತನ್ನು ವಾರಕ್ಕೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಕೇಳುವವರು ಜಿಪುಣರಲ್ಲ, ಬೇಜವಾಬ್ದಾರಿಯವರೂ ಅಲ್ಲ. ಕಾರನ್ನು ದಿನವೂ ಒರೆಸಿ, ಮೇಲೆ ಹೊದಿಕೆ ಹೊದಿಸಿ, ಟೈರಿನ ಸಂದಿನಲ್ಲಿ ಸಿಕ್ಕ ಕಲ್ಲನ್ನೂ ಬಿಡಿಸಿ ತೆಗೆಯುವವರು. ಬಹುಪಾಲು ನಿವೃತ್ತರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯವರೆಗೆ, ಸಂಜೆ ತರಕಾರಿ ಅಂಗಡಿಯವರೆಗೆ, ಶನಿವಾರ ದೇವಸ್ಥಾನದವರೆಗೆ ಹೋಗಿ ಬಂದರೆ ಅವರ ಕಾರಿನ ಓಡಾಟ ಮುಗಿಯಿತು. ತಮ್ಮ ಕಾರು ಸುಖವಾಗಿದೆ ಎಂದು ಅವರು ಮನಸಾರೆ ನಂಬಿರುತ್ತಾರೆ. ಅಂಥ ಎಂಜಿನ್‌ಗಳನ್ನು ಬಿಚ್ಚಿ ನೋಡಿರುವ ನನಗೆ ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಆಯಿಲ್ ಎಂದರೇನು, ಅದು ಯಾಕೆ ಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೇಳಬೇಕಾದದ್ದು ಕಾರಿನ ಜೊತೆ ಬರುವ ಪುಸ್ತಕದಲ್ಲಿನ ಒಂದೇ ಒಂದು ಸಾಲಿನ ಬಗ್ಗೆ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳ ಪುಸ್ತಕದಲ್ಲಿ "10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಎಂದಿರುತ್ತದೆ. ಕೆಲವಕ್ಕೆ 15,000 ಕಿ.ಮೀ. ಇರಬಹುದು, ತಿಂಗಳ ಲೆಕ್ಕ ಮಾತ್ರ ಬಹುತೇಕ ಹನ್ನೆರಡೇ. ಈ ಸಾಲಿನ ಮೊದಲ ಭಾಗ ಎಲ್ಲರಿಗೂ ಬಾಯಿಪಾಠ. ಉಳಿದ ಭಾಗವನ್ನು ಓದಿದವರೂ ಅದು ಕಂಪನಿಯವರ ವ್ಯಾಪಾರದ ತಂತ್ರ ಎಂದು ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಅದು ವ್ಯಾಪಾರದ ತಂತ್ರವಲ್ಲ. ಕಡಿಮೆ ಓಡುವ ಕಾರಿಗಾಗಿಯೇ ಬರೆದ ಮಾತು ಅದು.

ಒಂದು ಲೆಕ್ಕದಿಂದ ಶುರುಮಾಡುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಹಲವರು ಇದನ್ನು ನಂಬುವುದೇ ಇಲ್ಲ. ಚಳಿಗಾಲದ ಬೆಳಗ್ಗೆ ಸೈಲೆನ್ಸರ್ ಕೊಳವೆಯಿಂದ ಹನಿ ಹನಿಯಾಗಿ ನೀರು ಬೀಳುವುದನ್ನು ಕಂಡು "ಎಂಜಿನ್ ಒಳಗೆ ನೀರು ಸೇರಿದೆಯೇ?" ಎಂದು ಗಾಬರಿಯಿಂದ ಓಡಿಬರುವವರಿದ್ದಾರೆ. ಅದು ಪೆಟ್ರೋಲ್ ಉರಿದು ಆದ ನೀರು. ಎಂಜಿನ್ ಬಿಸಿಯಾದ ಮೇಲೆ ಅದು ಹಬೆಯಾಗಿ ಹೊರಟುಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಉರಿದ ಅನಿಲವೆಲ್ಲ ಸೈಲೆನ್ಸರ್ ದಾರಿಯನ್ನೇ ಹಿಡಿಯುವುದಿಲ್ಲ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕೆಳಗೆ ನುಸುಳಿ, ಆಯಿಲ್ ಇರುವ ಚೇಂಬರ್ ಸೇರುತ್ತದೆ. ಯಾವ ಹೊಸ ಎಂಜಿನ್ನೂ ಇದಕ್ಕೆ ಹೊರತಲ್ಲ. ಆ ಹಬೆ ತಣ್ಣಗಿರುವ ಲೋಹಕ್ಕೆ ತಾಗಿ ನೀರಾಗಿ, ಆಯಿಲ್ ಜೊತೆ ಬೆರೆಯುತ್ತದೆ.

ಇದರ ಜೊತೆಗೆ ಪೆಟ್ರೋಲೂ ಸೇರುತ್ತದೆ. ತಣ್ಣಗಿರುವ ಎಂಜಿನ್ ಶುರುವಾಗುವಾಗ ಅದಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಉರಿಯದೆ ಉಳಿದದ್ದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಬೀಳುತ್ತದೆ. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ಈಗಿನ ಟರ್ಬೊ ಎಂಜಿನ್‌ಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು.

ದೂರ ಓಡುವ ಕಾರಿನಲ್ಲಿ ಇದಕ್ಕೆ ಪರಿಹಾರ ತಾನಾಗಿಯೇ ಸಿಗುತ್ತದೆ. ಆಯಿಲ್ 90, 100 ಡಿಗ್ರಿ ಬಿಸಿಗೆ ಬಂದು ಅಲ್ಲಿ ಸ್ವಲ್ಪ ಹೊತ್ತು ನಿಂತರೆ ನೀರೂ ಪೆಟ್ರೋಲಿನ ಬಹುಪಾಲೂ ಆವಿಯಾಗಿ, ಬ್ರೀದರ್ ಕೊಳವೆಯ ಮೂಲಕ ಮತ್ತೆ ಎಂಜಿನ್ನಿಗೇ ಹೋಗಿ ಉರಿದುಹೋಗುತ್ತವೆ. ಎರಡು ಕಿಲೋಮೀಟರ್ ಹೋಗಿ ನಿಲ್ಲುವ ಕಾರಿನಲ್ಲಿ ಆಯಿಲ್ ಅಷ್ಟು ಬಿಸಿಗೆ ಬರುವುದೇ ಇಲ್ಲ. ಡ್ಯಾಶ್‌ಬೋರ್ಡಿನ ನೀಲಿ ದೀಪ ಆರಿತಲ್ಲ, ಎಂಜಿನ್ ಬಿಸಿಯಾಯಿತಲ್ಲ ಎನ್ನುತ್ತಾರೆ. ಆ ದೀಪ ತೋರಿಸುವುದು ರೇಡಿಯೇಟರ್ ನೀರಿನ ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನ. ನನ್ನ ಅನುಭವದಲ್ಲಿ ಹದಿನೈದು ಇಪ್ಪತ್ತು ನಿಮಿಷವಾದರೂ ಗಾಡಿ ಓಡಬೇಕು. ಕೆರೆಯ ಗೇಟಿನವರೆಗೆ ಹೋದ ಕಾರು ಹಬೆಯನ್ನು ಒಳಗೆ ತುಂಬಿಕೊಂಡೇ ನಿಲ್ಲುತ್ತದೆ. ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಮನೆಗೆ ಮರಳುವಾಗ ಮತ್ತೊಂದು ಸಲ ಅದೇ ಕಥೆ. ವರ್ಷಕ್ಕೆ ಏಳುನೂರು ಸಲ ಹೀಗಾದರೆ ಮೀಟರಿನಲ್ಲಿ ಕಾಣುವುದು ಎರಡೂವರೆ ಸಾವಿರ ಕಿಲೋಮೀಟರ್ ಇರಬಹುದು, ಅಷ್ಟೆ.

ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಏನಾಗುತ್ತದೆ ಎಂದು ಯಾವ ಮನೆಯ ಅಮ್ಮನನ್ನು ಕೇಳಿದರೂ ತಕ್ಷಣ ಹೇಳುತ್ತಾರೆ. ಬೂಷ್ಟು ಹಿಡಿಯುತ್ತದೆ. ಭರಣಿಯಿಂದ ಎಷ್ಟು ಹೋಳು ತಿಂದಿರಿ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಎಷ್ಟು ಸಲ ಒದ್ದೆ ಚಮಚ ಹೋಯಿತು ಎಂಬುದಷ್ಟೇ ಲೆಕ್ಕ. ಸೀಲ್ ಒಡೆಯದ ಡಬ್ಬಿಯಲ್ಲಿರುವ ಆಯಿಲ್ ವರ್ಷಗಟ್ಟಲೆ ಕೆಡುವುದಿಲ್ಲ, ನಿಜ. ಎಂಜಿನ್ನಿಗೆ ಸುರಿದ ದಿನದಿಂದ ಅದು ಬೇರೆಯೇ ವಸ್ತು. ಅದರೊಳಗೆ ಹುಳಿಯನ್ನು, ಅಂದರೆ ಆಮ್ಲವನ್ನು, ತಡೆಯುವ ರಾಸಾಯನಿಕವಿದೆ, ಕೊಳೆಯನ್ನು ಗಂಟುಕಟ್ಟಲು ಬಿಡದೆ ಚದುರಿಸಿ ಇಡುವ ರಾಸಾಯನಿಕವಿದೆ. ನೀರು, ಪೆಟ್ರೋಲ್, ಉರಿದ ಅನಿಲದ ಆಮ್ಲ ಇವೆಲ್ಲವುಗಳ ಜೊತೆ ಹೋರಾಡುತ್ತ ಅವು ಖರ್ಚಾಗುತ್ತವೆ. ಅವು ಮುಗಿದ ಮೇಲೆ ಕೊಳೆ ಗಂಟುಕಟ್ಟುತ್ತದೆ.

ಹಾಗೆ ಗಂಟುಕಟ್ಟಿದ ಎಂಜಿನ್ ಒಂದನ್ನು ನಾನು ಮರೆಯಲಾರೆ. ಕುವೆಂಪುನಗರದ ನಿವೃತ್ತ ಮೇಷ್ಟ್ರೊಬ್ಬರದು. ಕಾರು ಕೊಡಿಸಿದ ಮಗ ಅಮೆರಿಕದಲ್ಲಿದ್ದಾನೆ. ಐದು ವರ್ಷದ ಕಾರು, ಮೀಟರಿನಲ್ಲಿ 9,400 ಕಿ.ಮೀ. ಬೆಳಗ್ಗೆ ಶುರುಮಾಡಿದಾಗ ಕಟಕಟ ಸದ್ದು ಬರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ದೀಪ ಮಿನುಗುತ್ತದೆ ಎಂದು ತಂದರು. ಆಯಿಲ್ ಬದಲಾಯಿಸಿದ್ದು ಯಾವಾಗ ಎಂದು ಕೇಳಿದೆ.

"ಹತ್ತು ಸಾವಿರ ಇನ್ನೂ ಆಗಿಲ್ಲವಲ್ಲಪ್ಪಾ" ಎಂದರು.

ಮೊದಲ ಎರಡು ಉಚಿತ ಸರ್ವೀಸ್ ಆಗಿದ್ದವು. ಅವುಗಳಲ್ಲಿ ಆಯಿಲ್ ಬದಲಾಯಿಸುವ ಕ್ರಮ ಆ ಕಾರಿಗೆ ಇರಲಿಲ್ಲ. ಅಂದರೆ ಕಾರ್ಖಾನೆಯಲ್ಲಿ ತುಂಬಿದ ಆಯಿಲ್ ಐದು ವರ್ಷ ಹಾಗೆಯೇ ಇತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟ ಸರಿಯಾಗಿಯೇ ಇದೆ. ಮೇಷ್ಟ್ರಿಗೆ ಧೈರ್ಯ ಬಂದದ್ದೂ ಅದರಿಂದಲೇ. ತಾವು ತಿಂಗಳಿಗೊಮ್ಮೆ ಮಟ್ಟ ನೋಡುತ್ತಿದ್ದುದಾಗಿಯೂ ಒಂದು ಹನಿ ಕಡಿಮೆಯಾಗಿಲ್ಲವೆಂದೂ ಹೇಳಿದರು. ಕಡಿಮೆಯಾದ ಆಯಿಲಿನ ಜಾಗವನ್ನು ನೀರು, ಪೆಟ್ರೋಲ್ ತುಂಬಿದರೂ ಡಿಪ್‌ಸ್ಟಿಕ್ ಅದೇ ಗೆರೆಯನ್ನು ತೋರಿಸುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಯಿಲ್ ತುಂಬುವ ಮುಚ್ಚಳ ತಿರುಗಿಸಿದೆ. ಒಳಬದಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣದ ಕೆನೆ ದಪ್ಪಗೆ ಅಂಟಿತ್ತು. ಎಂಜಿನ್ನಿನ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್, ತೆಗೆದಾಗ ಕಂದು ಬಣ್ಣದ ಕೊಳೆ ಪದರು ಪದರಾಗಿ ಕುಳಿತಿತ್ತು. ಚೇಂಬರ್ ಇಳಿಸಿದೆವು. ಆಯಿಲ್ ಪಂಪ್ ಹೀರುವ ಜಾಗದ ಜಾಲರಿ, ಸ್ಟ್ರೈನರ್, ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಒತ್ತಡ ಸಾಲದೆ ಚೈನ್ ಸಡಿಲವಾಗಿ ಬಡಿಯುತ್ತಿತ್ತು. ಕಟಕಟ ಸದ್ದು ಅದರದು.

ಅದೇ ವಾರ ಒಂದು ಟ್ಯಾಕ್ಸಿಯ ಟ್ಯಾಪೆಟ್ ಕವರನ್ನೂ ತೆಗೆದಿದ್ದೆ, ಗ್ಯಾಸ್ಕೆಟ್ ಸೋರುತ್ತಿತ್ತೆಂದು. ಅದೇ ಕಂಪನಿಯ ಅದೇ ಪೆಟ್ರೋಲ್ ಎಂಜಿನ್. 2,80,000 ಕಿ.ಮೀ. ಓಡಿದೆ. ದಿನವೂ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರುವ ಗಾಡಿ. ಹೆಚ್ಚುಕಡಿಮೆ ಮೂವತ್ತೈದು ದಿನಕ್ಕೊಮ್ಮೆ ಹತ್ತು ಸಾವಿರ ಮುಗಿಯುತ್ತದೆ, ಆ ಹುಡುಗ ತಪ್ಪದೆ ಬಂದು "ಅಣ್ಣಾ, ಆಯಿಲ್" ಎನ್ನುತ್ತಾನೆ. ಒಳಗೆ ಲೋಹದ ಮೇಲೆ ಜೇನಿನ ಬಣ್ಣದ ತೆಳು ಲೇಪ ಬಿಟ್ಟರೆ ಏನೂ ಇರಲಿಲ್ಲ. ಮೇಷ್ಟ್ರನ್ನು ಕರೆದು ಎರಡನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ಯಾವುದರದ್ದು, ಅದು ಯಾವುದರದ್ದು?" ಎಂದು ಎರಡನೆಯ ಸಲ ಕೇಳಿದರು. ಎರಡು ಮೂರು ಸಾವಿರ ರೂಪಾಯಿಯಲ್ಲಿ ಮುಗಿಯುತ್ತಿದ್ದ ವಾರ್ಷಿಕ ಕೆಲಸಕ್ಕೆ ಕೊನೆಗೆ ಅವರು ತೆತ್ತದ್ದು ಅರವತ್ತು ಸಾವಿರಕ್ಕೂ ಹೆಚ್ಚು. ಆ ಬಿಲ್ ಬರೆಯುವಾಗ ನನ್ನ ಕೈ ಹಗುರವಾಗಿರಲಿಲ್ಲ.

ಮೇಷ್ಟ್ರ ಕಾರಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. "ಬ್ಯಾಟರಿ ಇಳಿಯದಂತೆ ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಿ ಅಪ್ಪಾ" ಎಂದು ಮಗ ಫೋನಿನಲ್ಲಿ ಹೇಳಿದ್ದ. ಹೊರದೇಶದಲ್ಲಿರುವ ಮಕ್ಕಳು ಕಾಳಜಿಯಿಂದಲೇ ಹೇಳುವ ಮಾತಿದು, ಅರ್ಧ ಮೈಸೂರು ಪಾಲಿಸುತ್ತದೆ. ದಯವಿಟ್ಟು ನಿಲ್ಲಿಸಿ. ತಣ್ಣಗಿನ ಎಂಜಿನ್ ಶುರುಮಾಡಲು ಬ್ಯಾಟರಿ ಕೊಟ್ಟದ್ದನ್ನು ಐದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸುವುದು ಸರಿಯಾಗಿ ತುಂಬಿಕೊಡುವುದಿಲ್ಲ. ಆಯಿಲ್ ಬೆಚ್ಚಗೂ ಆಗುವುದಿಲ್ಲ. ದಿನಕ್ಕೊಂದು ಒದ್ದೆ ಚಮಚ ಮಾತ್ರ ಭರಣಿಗೆ ಖಾತ್ರಿಯಾಗಿ ಹೋಗುತ್ತದೆ. ದಿನದ ಐದು ನಿಮಿಷದ ಬದಲು ವಾರಕ್ಕೊಮ್ಮೆ ನಂಜನಗೂಡಿಗೆ ಹೋಗಿ ನಂಜುಂಡೇಶ್ವರನ ದರ್ಶನ ಮಾಡಿ ಬನ್ನಿ. ಹೋಗಲು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್, ಬರಲು ಅಷ್ಟೇ. ಎಂಜಿನ್ನಿಗೆ ಬೇಕಾದದ್ದು ಅಷ್ಟು ದೂರ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ? ವಾರಕ್ಕೊಮ್ಮೆಯಾದರೂ ಹೀಗೆ ದೂರ ಓಡುವ ಪೆಟ್ರೋಲ್ ಕಾರಿಗೆ ವರ್ಷಕ್ಕೊಮ್ಮೆ ಸಾಕು, ಮೀಟರ್ ಎಷ್ಟೇ ಕಡಿಮೆ ತೋರಿಸಲಿ. ಬರೀ ಎರಡು ಮೂರು ಕಿಲೋಮೀಟರಿನ ಓಡಾಟವೇ ಆಗಿದ್ದರೆ ಆರು ತಿಂಗಳಿಗೊಮ್ಮೆ ಬದಲಾಯಿಸಿ ಎಂದು ನಾನು ಹೇಳುತ್ತೇನೆ. ಇದು ನನ್ನ ಮಾತಷ್ಟೇ ಅಲ್ಲ. ಹೆಚ್ಚಿನ ಪುಸ್ತಕಗಳಲ್ಲಿ "ಕಠಿಣ ಬಳಕೆ" ಎಂಬರ್ಥದ ಇನ್ನೊಂದು ಪಟ್ಟಿ ಹಿಂದಿನ ಪುಟದಲ್ಲಿರುತ್ತದೆ. ಧೂಳಿನ ರಸ್ತೆ, ಭಾರ ಎಳೆಯುವುದು, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡುವುದು ಇವುಗಳ ಸಾಲಿನಲ್ಲೇ ಪದೇ ಪದೇ ಚಿಕ್ಕ ಪ್ರಯಾಣ ಎಂಬುದೂ ಇರುತ್ತದೆ. ಕಲ್ಲು ಗಣಿಯ ಲಾರಿಯ ಪಕ್ಕದಲ್ಲಿ ತಮ್ಮ ಕಾರಿನ ಹೆಸರು ಇರಬಹುದೆಂದು ಮೇಷ್ಟ್ರು ಊಹಿಸಿರಲಿಲ್ಲ. ನಿಮ್ಮ ಕಾರಿನ ಪುಸ್ತಕ ಬೇರೆ ಹೇಳಿದರೆ ಪುಸ್ತಕವನ್ನೇ ನಂಬಿ.

ಬೆಂಗಳೂರಿನ ಓದುಗರಿಗೆ ಒಂದು ಮಾತು. ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡಿದರೆ 10,000 ಕಿ.ಮೀ.ಗೆ ಎಂಜಿನ್ ಸುಮಾರು 167 ಗಂಟೆ ದುಡಿಯುತ್ತದೆ. ಗಂಟೆಗೆ 20 ಕಿ.ಮೀ. ಆದರೆ 500 ಗಂಟೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಹೊತ್ತನ್ನು ಮೀಟರ್ ಎಣಿಸುವುದಿಲ್ಲ, ಆಯಿಲ್ ಎಣಿಸುತ್ತದೆ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ದಿನದಲ್ಲೇ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಡುವ ಕೆಲಸ ಮಾಡುತ್ತಿದೆ ಎಂದೇ ಅರ್ಥ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6, ಅಂದರೆ ಹೊಗೆಯ ಹೊಸ ಮಿತಿಗೆ ಒಳಪಟ್ಟ, ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಸುಡುವ ಫಿಲ್ಟರ್ ಇರುತ್ತದೆ. ಬರೀ ಊರೊಳಗೆ ಓಡಿಸಿದರೆ ಅದನ್ನು ಸುಡಲು ಸಿಂಪಡಿಸಿದ ಡೀಸೆಲ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದರೆ ಅದೇ ದಿನ ಗ್ಯಾರೇಜಿಗೆ ಬನ್ನಿ. ಬೈಕಿನ ಲೆಕ್ಕ ಬೇರೆ. ಹೆಚ್ಚಿನವುಗಳಲ್ಲಿ ಗೇರು, ಕ್ಲಚ್ ಎಲ್ಲ ಅದೇ ಒಂದು ಲೀಟರ್ ಆಯಿಲಿನಲ್ಲಿ ಮುಳುಗಿರುತ್ತವೆ, ಅವಧಿ ಕಾರಿಗಿಂತ ಕಡಿಮೆ, ಕಾರಿನ ಆಯಿಲ್ ಉಳಿದಿದೆಯೆಂದು ಅದಕ್ಕೆ ಸುರಿಯಬೇಡಿ.

ಮೂರು ಸಾವಿರ ಕಿಲೋಮೀಟರಿಗೇ ಬದಲಾಯಿಸುವ ಹಳೆಯ ಅಂಬಾಸಿಡರ್ ಕಾಲದ ಮನಸ್ಸಿನವರೂ ಬರುತ್ತಾರೆ. ಹೆದ್ದಾರಿಯಲ್ಲೇ ಓಡುವ ಗಾಡಿಗೆ ಅದು ಬೇಡದ ಖರ್ಚು ಎಂದು ಹೇಳಿ ಕಳಿಸುತ್ತೇನೆ.

ಈಗ ನನ್ನ ಗ್ಯಾರೇಜಿನಲ್ಲಿ ಬಾಗಿಲ ಒಳಬದಿಗೆ ಅಂಟಿಸುವ ಚೀಟಿಯಲ್ಲಿ ದಿನಾಂಕವನ್ನು ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯುತ್ತೇವೆ, ಕಿಲೋಮೀಟರನ್ನು ಕೆಳಗೆ. ಆದರೂ ಮರೆಯುವವರಿಗೆ ಆಯುಧಪೂಜೆಯನ್ನು ನೆನಪಿಗೆ ಇಟ್ಟುಕೊಳ್ಳಲು ಹೇಳಿದ್ದೇನೆ. ಮಳೆಗಾಲ ಮುಗಿಯುತ್ತ ಬಂದಿರುತ್ತದೆ, ಕಾರು ತೊಳೆಯುವುದು ಹೇಗೂ ಇದ್ದೇ ಇದೆ. ಅಧಿಕ ಮಾಸ ಬಂದರೆ ಎರಡು ಆಯುಧಪೂಜೆಗಳ ನಡುವೆ ಸುಮಾರು 384 ದಿನಗಳಾಗುತ್ತವೆ. ಎಂಜಿನ್ನಿಗೆ ಅದರಿಂದ ತೊಂದರೆಯಿಲ್ಲ, ಆದರೆ ವಾರಂಟಿ ಇರುವ ಕಾರಿನವರು ಕ್ಯಾಲೆಂಡರಿನ ಹನ್ನೆರಡು ತಿಂಗಳು ಮೀರದಂತೆ ನೋಡಿಕೊಳ್ಳಿ, ಬಿಲ್ ಜೋಪಾನವಾಗಿಡಿ. ಮೇಷ್ಟ್ರು ಈಗ ಪ್ರತಿ ಸೋಮವಾರ ನಂಜನಗೂಡಿಗೆ ಹೋಗುತ್ತಾರೆ, ದಸರೆಗೆ ಮೊದಲು ತಪ್ಪದೆ ಬರುತ್ತಾರೆ. ನೀವೂ ಹಬ್ಬದ ಹಿಂದಿನ ದಿನ ಬರಬೇಡಿ, ಹತ್ತು ದಿನ ಮೊದಲೇ ಬನ್ನಿ. ಹಳೆಯ ಆಯಿಲ್ ಬಿಸಿಯಿರುವಾಗಲೇ ಪ್ಲಗ್ ಬಿಚ್ಚಿ, ಕೊನೆಯ ಹನಿಯೂ ಇಳಿಯುವವರೆಗೆ ಅರ್ಧ ಗಂಟೆ ಬಿಡಬೇಕು. ಹಬ್ಬದ ಗಡಿಬಿಡಿಯಲ್ಲಿ ಯಾವ ಗ್ಯಾರೇಜಿನಲ್ಲೂ ಅಷ್ಟು ಹೊತ್ತು ಬಿಡುವುದಿಲ್ಲ.