ಶೆಫೀಲ್ಡಿನ ಅಲಗು, ಕಡವೆ ಕೊಂಬಿನ ಹಿಡಿ

ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಒಮ್ಮೊಮ್ಮೆ ಮಖಮಲ್ಲಿನ ಹಾಸಿರುವ ಉದ್ದನೆಯ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಮುಚ್ಚಳ ತೆರೆದರೆ ಒಳಗೆ ಮೂರು ವಸ್ತುಗಳು: ಬೇಯಿಸಿದ ಮಾಂಸದ ದೊಡ್ಡ ತುಂಡನ್ನು ತೆಳುವಾಗಿ ಹೋಳು ಮಾಡುವ ಚಾಕು, ಮಾಂಸ ಅಲುಗದಂತೆ ಒತ್ತಿ ಹಿಡಿಯಲು ಎರಡೇ ಮೊನೆಯ ಫೋರ್ಕು, ಅಲಗು ಮಸೆಯಲು ಉಕ್ಕಿನ ಸಲಾಕೆ. ಫೋರ್ಕಿಗೆ ಮಡಚಿ ಬಿಚ್ಚುವ ಪುಟ್ಟ ತಡೆಯೊಂದಿರುತ್ತದೆ. ಚಾಕು ಜಾರಿದರೆ ಬೆರಳು ಉಳಿಯಬೇಕಲ್ಲ! ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಉಳ್ಳವರ ಊಟದ ಮೇಜಿಗೆ ಠೀವಿ ತಂದ ಇಂಥ ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರು ಶೆಫೀಲ್ಡ್.

ಆ ಊರಿಗೆ ಈ ಕಸುಬು ಒಲಿದದ್ದು ನೀರು ಮತ್ತು ಕಲ್ಲಿನಿಂದ. ಗುಡ್ಡದಿಂದ ಇಳಿಯುವ ಹೊಳೆಗಳು ಸಾಣೆಯ ಚಕ್ರ ತಿರುಗಿಸಿದವು, ಸುತ್ತಲಿನ ಮರಳುಗಲ್ಲೇ ಸಾಣೆಕಲ್ಲಾಯಿತು. 1624ರಲ್ಲಿ ಚಾಕು ತಯಾರಕರ ಸಂಘಕ್ಕೆ ಕಾಯ್ದೆಯ ಬಲ ಸಿಕ್ಕಿತು. 1740ರ ದಶಕದಲ್ಲಿ ಗಡಿಯಾರ ತಯಾರಕ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸಿ ಹದ ಮಾಡಿದ. (ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಅದೆಷ್ಟೋ ಶತಮಾನಗಳ ಹಿಂದಿನಿಂದಲೇ ಗೊತ್ತಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.) ಈ ಹೊಳಪಿನ ಹಿಂದೆ ಸಾವೂ ಇತ್ತು. ಫೋರ್ಕುಗಳನ್ನು ನೀರು ಹಾಕದೆ ಒಣ ಕಲ್ಲಿಗೇ ಹಿಡಿಯುತ್ತಿದ್ದರು. ಆ ಧೂಳು ಕುಡಿದ ಅನೇಕ ಕೆಲಸಗಾರರು ಮೂವತ್ತರ ಆಸುಪಾಸಿನಲ್ಲೇ ಎದೆರೋಗದಿಂದ ತೀರಿಕೊಂಡರು.

ಹೆಸರು ಬಂದ ಮೇಲೆ ನಕಲು ಬಾರದೆ ಇರುತ್ತದೆಯೇ? ಜರ್ಮನಿಯ ಜೋಲಿಂಗನ್ ಕೂಡ ಶತಮಾನಗಳಿಂದ ಕತ್ತಿ, ಚಾಕುಗಳ ಊರೇ. ಆದರೂ ಅಲ್ಲಿನ ಕೆಲವು ಅಗ್ಗದ ಚಾಕುಗಳು ಶೆಫೀಲ್ಡಿನ ಮುದ್ರೆ ಹೊತ್ತು ಬಂದವು. ಶೆಫೀಲ್ಡಿನವರು ಗುಲ್ಲೆಬ್ಬಿಸಿದರು, 1887ರಲ್ಲಿ ಬ್ರಿಟನ್ ತಂದ ಕಾಯ್ದೆಯಿಂದಾಗಿ ಆ ಸರಕಿನ ಮೇಲೆ ‘ಮೇಡ್ ಇನ್ ಜರ್ಮನಿ’ ಎಂದು ಬರೆಯುವುದು ಅನಿವಾರ್ಯವಾಯಿತು. ಹಾಗೆಂದು ಶೆಫೀಲ್ಡಿನವರು ಸಾಚಾ ಎನ್ನುವಂತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ರಸೆಲ್ 1830ರ ದಶಕದಲ್ಲಿ ಆರಂಭಿಸಿದ ಕಾರ್ಖಾನೆಯ ‘ಗ್ರೀನ್ ರಿವರ್’ ಚಾಕುಗಳಿಗೆ ಬೇಡಿಕೆ ಏರಿದಾಗ, ಅದೇ ಹೆಸರನ್ನು ತಮ್ಮ ಅಲಗುಗಳಿಗೆ ಒತ್ತಿ ಅಮೆರಿಕಕ್ಕೆ ಕಳಿಸಿದವರು ಇವರಲ್ಲೂ ಇದ್ದರು.

ಹಳೆಯ ಚಾಕುವಿನ ಕಾಲ ಗುರುತಿಸಲು ಈ ಜಗಳಗಳೇ ನೆರವಾಗುತ್ತವೆ. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1891ರಿಂದ ಪಟ್ಟು ಹಿಡಿದದ್ದರಿಂದ, ಅಲಗಿನ ಮೇಲೆ ‘ಇಂಗ್ಲೆಂಡ್’ ಎಂದಿದ್ದರೆ ಅದು ಸಾಮಾನ್ಯವಾಗಿ ಅದರ ನಂತರದ್ದು. ತುಕ್ಕು ಹಿಡಿಯದ ಉಕ್ಕಾದರೆ ಇನ್ನೂ ಈಚಿನದು. ಹ್ಯಾರಿ ಬ್ರಿಯರ್ಲಿ ಅದನ್ನು ಶೆಫೀಲ್ಡಿನಲ್ಲೇ ತಯಾರಿಸಿದ್ದು 1913ರಲ್ಲಿ.

ಇನ್ನು ಆ ಒರಟು ಕಂದು ಹಿಡಿ. ಒಳ್ಳೆಯ ಪೆಟ್ಟಿಗೆಗಳಲ್ಲಿ ಅದು ಬಹುಮಟ್ಟಿಗೆ ಭಾರತದ ಕಡವೆಯ ಕೊಂಬು. ಬೇರೆ ಜಿಂಕೆಗಳ ಕೊಂಬಿನ ಒಳಗು ಸ್ಪಂಜಿನಂತೆ ಟೊಳ್ಳು. ಕಡವೆಯದು ಗಟ್ಟಿ, ಕೊರೆದು ಅಲಗು ಕೂರಿಸಿದರೆ ಸಡಿಲವಾಗದು. ವರ್ಷವರ್ಷ ಕಾಡಿನಲ್ಲಿ ಉದುರುವ ಕೊಂಬುಗಳು ಹಡಗೇರಿ ಶೆಫೀಲ್ಡ್ ತಲುಪುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಭಾರತ ಈ ರಫ್ತನ್ನು ನಿಲ್ಲಿಸಿತು. ಈಗಿನ ಹೊಸ ಚಾಕುಗಳಲ್ಲಿ ಕೊಂಬಿನ ಆ ಉಬ್ಬುತಗ್ಗುಗಳನ್ನು ಎಷ್ಟೋ ಸಲ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಮೂಡಿಸಿರುತ್ತಾರೆ.