ಬೀಟಿಂಗ್ ರಿಟ್ರೀಟ್: ಬಡಿಯುವುದು ನಗಾರಿಯನ್ನು, ಶತ್ರುವನ್ನಲ್ಲ

ಕಳೆದ ವಾರ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಕೆಳಗೆ ಹೀಗೆ ಬರೆದಿತ್ತು: "ವಾಘಾ ಗಡಿಯಲ್ಲಿ ನಮ್ಮ ಸೈನಿಕರು ಪಾಕಿಸ್ತಾನವನ್ನು ಹಿಮ್ಮೆಟ್ಟಿಸುವ ಬೀಟಿಂಗ್ ರಿಟ್ರೀಟ್." ಗಡಿಯಲ್ಲಿ ಹೊತ್ತು ಮುಳುಗುವಾಗ ಎರಡೂ ದೇಶದವರು ಕವಾಯತು ಮಾಡಿ ಬಾವುಟ ಇಳಿಸುವುದಕ್ಕೆ ಬೀಟಿಂಗ್ ರಿಟ್ರೀಟ್ ಅನ್ನುತ್ತಾರೆ. ಅದಕ್ಕೆ ಕೊಡುವ ಈ ಅರ್ಥವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಾನು ಅಲ್ಲಿಗೆ ಹೋಗಿದ್ದಾಗಲೂ ಗ್ಯಾಲರಿಯ ಹಿಂದಿನ ಸಾಲಿನಿಂದ ಕನ್ನಡದಲ್ಲೇ ಕೇಳಿಸಿತ್ತು: "ಬೀಟ್ ಅಂದ್ರೆ ಹೊಡೆಯೋದು ಪುಟ್ಟಾ, ರಿಟ್ರೀಟ್ ಅಂದ್ರೆ ಅವರು ಹಿಂದಕ್ಕೆ ಓಡೋದು." ಆ ಮಗುವಿನ ಅಪ್ಪ ಪ್ರೀತಿಯಿಂದಲೇ ಹೇಳಿಕೊಡುತ್ತಿದ್ದರು. ಆದರೂ ತಪ್ಪು ತಪ್ಪೇ.

ಇಲ್ಲಿ ಏಟು ತಿನ್ನುವುದು ನಗಾರಿ. ನಾವೂ ನಗಾರಿ ಬಡಿಯುತ್ತೇವೆ, ತಮಟೆ ಬಡಿಯುತ್ತೇವೆ, ಅಲ್ವಾ? ಅದೇ ಬಡಿತ. ರಿಟ್ರೀಟ್ ಅನ್ನುವುದು ಆ ನಗಾರಿ ಕೊಡುವ ಒಂದು ಸೂಚನೆಯ ಹೆಸರು. ಮೈಕು, ವೈರ್‌ಲೆಸ್ ಇಲ್ಲದ ಕಾಲದಲ್ಲಿ ಯುರೋಪಿನ ಸೇನೆಗಳಿಗೆ ನಗಾರಿಯೇ ಬಾಯಿ. ಹೊತ್ತು ಮುಳುಗುವಾಗ ಅದನ್ನು ಬಾರಿಸಿದರೆ, ಹೊರಗೆ ಹೋದವರೆಲ್ಲ ಬಿಡಾರಕ್ಕೆ ಮರಳಬೇಕು. ಬಾಗಿಲು ಹಾಕುತ್ತಾರೆ, ರಾತ್ರಿ ಕಾವಲು ಶುರು. ಇಷ್ಟೇ ಅದರ ಅರ್ಥ.

ಪದದ ಬೇರು ಲ್ಯಾಟಿನ್‌ನ 'ರೆಟ್ರಾಹೆರೆ', ಅಂದರೆ ಹಿಂದಕ್ಕೆ ಎಳೆ. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಪಂಜಾಬಿನ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರ್‌ನಲ್ಲೂ ಇದೇ 'ಎಳೆ' ಇದೆ. ಕೊಡಗಿಗೆ ಯೋಗ ರಿಟ್ರೀಟ್‌ಗೆ ಹೋಗುವವರೂ ಊರಿನ ಗಲಾಟೆಯಿಂದ ತಮ್ಮನ್ನು ಹಿಂದಕ್ಕೆ ಎಳೆದುಕೊಂಡವರೇ. ಅಲ್ಲಿ ಯಾರೂ ಸೋತಿಲ್ಲ.

ಇಂಗ್ಲಿಷಿನಲ್ಲಿ ಇದೇ ಮಾತಿಗೆ ಕಾಲು ಕೀಳುವುದು ಎಂಬ ಅರ್ಥವೂ ಇದೆ, ಒಪ್ಪುತ್ತೇನೆ. ಯುದ್ಧದ ನಡುವೆ 'ಹಿಂದೆ ಬನ್ನಿ' ಎಂದು ಹೇಳಲೂ ನಗಾರಿ ಬಾರಿಸುತ್ತಿದ್ದರು, ಅದರಿಂದ ಬಂದದ್ದು ಅದು. ಅಲ್ಲೂ ತಮ್ಮ ನಗಾರಿಯನ್ನು ತಾವೇ ಬಾರಿಸಿಕೊಂಡು ತಮ್ಮವರನ್ನೇ ಕರೆಯುತ್ತಿದ್ದರು. ಎದುರಾಳಿಯನ್ನು ಬಡಿಯುವ ಮಾತು ಎಲ್ಲೂ ಇಲ್ಲ. ಅನುಮಾನವಿದ್ದರೆ ದೆಹಲಿಯ ವಿಜಯ್ ಚೌಕ ನೋಡಿ. ಜನವರಿ 29ರ ಸಂಜೆ ಅಲ್ಲಿಯೂ ಬೀಟಿಂಗ್ ರಿಟ್ರೀಟ್ ನಡೆಯುತ್ತದೆ. ರಾಷ್ಟ್ರಪತಿಗಳ ಮುಂದೆ ನಮ್ಮದೇ ಮೂರು ಸೇನೆಗಳ ಬ್ಯಾಂಡ್‌ಗಳು ನುಡಿಸುತ್ತವೆ. ಅಲ್ಲಿ ಹಿಮ್ಮೆಟ್ಟಿಸಲು ಯಾರಿದ್ದಾರೆ?

ಆ ವಾಟ್ಸಾಪ್ ಬರಹದಲ್ಲಿ ಇನ್ನೂ ಎರಡು ತಪ್ಪುಗಳಿವೆ. ವಾಘಾ ಇರುವುದು ಪಾಕಿಸ್ತಾನದಲ್ಲಿ. ನಮ್ಮ ಕಡೆಯ ಊರು ಅಟ್ಟಾರಿ, ಅಮೃತಸರದಿಂದ ಸುಮಾರು 30 ಕಿಲೋಮೀಟರ್. 1846ರ ಸೊಬ್ರಾಂವ್ ಕದನದಲ್ಲಿ ಬ್ರಿಟಿಷರ ಎದುರು ಮಡಿದ ಸಿಖ್ ಸೇನಾನಿ ಶಾಮ್ ಸಿಂಗ್ ಅಟ್ಟಾರಿವಾಲಾ ಅವರ ಊರು ಇದು. ಇಂಥ ಹೆಸರನ್ನು ಬಿಟ್ಟು ಸುಮ್ನೆ ಪಕ್ಕದ ದೇಶದ ಹಳ್ಳಿಯ ಹೆಸರು ಹೇಳುತ್ತೇವೆ. ಇನ್ನು ಕವಾಯತು ಮಾಡುವವರು ಸೇನೆಯವರಲ್ಲ. ಖಾಕಿಯವರು ಗಡಿ ಭದ್ರತಾ ಪಡೆಯವರು, ಆಚೆ ಕಪ್ಪು ಬಟ್ಟೆಯವರು ಪಾಕಿಸ್ತಾನ ರೇಂಜರ್ಸ್.

ಕಾಲು ತಲೆಯವರೆಗೆ ಎತ್ತುತ್ತಾರೆ, ಮೀಸೆ ತಿರುವುತ್ತಾರೆ, ಅದು ಜಗಳವಲ್ಲವೇ ಎಂದು ಕೇಳುತ್ತಾರೆ. ತೋರಿಕೆಗೆ ಹೌದು. 2010ರಲ್ಲಿ ಆ ಅಬ್ಬರವನ್ನು ಸ್ವಲ್ಪ ತಗ್ಗಿಸಲಾಯಿತು ಕೂಡ. ಆದರೆ ಬಾವುಟದ ಹಗ್ಗಗಳನ್ನು ನೋಡಿ. 1959ರಿಂದ ನಡೆದು ಬಂದ ಈ ಪದ್ಧತಿಯಲ್ಲಿ ಎರಡೂ ಬಾವುಟಗಳು ಒಂದೇ ವೇಗದಲ್ಲಿ ಇಳಿಯಬೇಕು. ಒಂದು ಮೇಲೆ, ಇನ್ನೊಂದು ಕೆಳಗೆ ಆಗಬಾರದು. ಹಿಮ್ಮೆಟ್ಟಿಸುವುದೇ ಉದ್ದೇಶವಾಗಿದ್ದರೆ ಇಷ್ಟೊಂದು ಜೋಪಾನ ಯಾಕೆ ಬೇಕಿತ್ತು?

'ಹಿಮ್ಮೆಟ್ಟು' ಅಂದಕೂಡಲೇ ನಮ್ಮ ಕಿವಿಗೆ ಸೋಲು ಕೇಳಿಸುತ್ತದೆ. ಹಾಗಾಗಿ ಇಲ್ಲಿ ಆ ಪದ ಬೇಡ. 'ಬಾವುಟ ಇಳಿಸುವ ಕವಾಯತು' ಅನ್ನಿ, ಸಾಕು. ದಸರಾದ ಪಂಜಿನ ಕವಾಯತು ಗೊತ್ತಿರುವ ನಮಗೆ ಈ ಪದ ಹೊಸದೇನಲ್ಲ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಕವಾಯತನ್ನು ಮೊಟಕು ಮಾಡಿದರು. ಮೇ ತಿಂಗಳಲ್ಲಿ ಜನರಿಗೆ ಮತ್ತೆ ತೆರೆದಾಗ ಗಡಿಯ ಗೇಟು ಮುಚ್ಚಿಯೇ ಇತ್ತು. ಎರಡೂ ಕಡೆಯವರು ಕೈ ಕುಲುಕುವುದೂ ನಿಂತಿತು. ಹೊತ್ತು ಮುಳುಗುವಾಗ ಬಾವುಟ ಇಳಿಸುವುದು ಮಾತ್ರ ಉಳಿಯಿತು.